ಬಾಗುವ ರ‍್ಯಾಂಪ್, ಕುಡಿಯುವ ಪ್ರೋಬ್

ಪ್ರಶ್ನೆ: ಮಾಸ್ಟ್ರೇ, ವೇಗ ಹೊಂದಿಸಬಹುದಾದ ಲೀನಿಯರ್ ರ‍್ಯಾಂಪ್ ಜನರೇಟರ್, ಅಂದರೆ ವೋಲ್ಟೇಜನ್ನು ಒಂದೇ ವೇಗದಲ್ಲಿ ಏರಿಸುವ ಸರ್ಕ್ಯೂಟ್, ನಮ್ಮ ಪ್ರಾಜೆಕ್ಟ್. 12 ವೋಲ್ಟ್ ಸಪ್ಲೈ, 555 ಟೈಮರ್ ಐಸಿ, ಕೆಪಾಸಿಟರ್ ಚಾರ್ಜ್ ಮಾಡಲು ಬಿಸಿ 557 ಟ್ರಾನ್ಸಿಸ್ಟರಿನ ಸ್ಥಿರ ಕರೆಂಟ್. ಬೇಸ್‌ಗೆ ಮೇಲೆ 2.2 ಕೆ (ಕಿಲೋ ಓಮ್), ಕೆಳಗೆ 8.2 ಕೆ, ಎಮಿಟರಿಗೆ 10 ಕೆ ಮತ್ತು 470 ಕೆ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಎಲ್‌ಟಿಸ್ಪೈಸ್‌ನಲ್ಲಿ (ಕಂಪ್ಯೂಟರಿನ ಸಿಮ್ಯುಲೇಷನ್) ಗೆರೆ ಸ್ಕೇಲಿಟ್ಟು ಎಳೆದಂತೆ ಬರುತ್ತದೆ. ಬ್ರೆಡ್‌ಬೋರ್ಡಿನಲ್ಲಿ 0.1 ಮೈಕ್ರೋಫ್ಯಾರಡ್ ಹಾಕಿದರೆ ಮೇಲೆ ಹೋದಂತೆ ಕಡಿದಾಗುತ್ತದೆ. ನಿಧಾನವಾಗಲೆಂದು 10 ಮೈಕ್ರೋಫ್ಯಾರಡ್ ಹಾಕಿ ಪಾಟ್ ಪೂರ್ತಿ ತಿರುಗಿಸಿದರೆ ಕೆಳಕ್ಕೆ ಬಾಗಿ, 3 ವೋಲ್ಟ್ ದಾಟಿ ಹಾಗೇ ನಿಂತುಬಿಡುತ್ತದೆ. ಆಸಿಲೋಸ್ಕೋಪಿನ (ಗೆರೆ ತೋರಿಸುವ ಯಂತ್ರದ) ಪ್ರೋಬ್ ತೆಗೆದರೆ ಮಾತ್ರ 3ನೇ ಪಿನ್ನಿನ ಎಲ್‌ಇಡಿ ಸುಮಾರು 14 ಸೆಕೆಂಡಿಗೊಮ್ಮೆ ಮಿನುಗುತ್ತದೆ. ಲೆಕ್ಕದಲ್ಲಿ 10 ಸೆಕೆಂಡು ಬರಬೇಕಿತ್ತು. ಟ್ರಾನ್ಸಿಸ್ಟರ್ ಎರಡು ಸಲ ಬದಲಿಸಿದೆ.
— ಡಿಪ್ಲೊಮಾ ವಿದ್ಯಾರ್ಥಿ, ಪೆರ್ಲ

ಉತ್ತರ: ತಮ್ಮಾ, ಟ್ರಾನ್ಸಿಸ್ಟರನ್ನು ಮೂರನೇ ಸಲ ಬದಲಿಸಬೇಡ. ಅದರ ತಪ್ಪೇನೂ ಇಲ್ಲ. ಗೆರೆ ಬಾಗುತ್ತದೆ ಎಂದಷ್ಟೇ ಹೇಳದೆ ಯಾವ ಕಡೆಗೆ ಬಾಗುತ್ತದೆ ಎಂದೂ ಬರೆದೆಯಲ್ಲ, ಅರ್ಧ ಉತ್ತರ ನಿನ್ನ ಕಾಗದದಲ್ಲೇ ಇದೆ.

ನಿಮ್ಮ ಊರಿನ ಕಡೆ ಗುಡ್ಡದ ಸುರಂಗದಿಂದ ಅಡಕೆ ದಂಬೆಯಲ್ಲಿ ನೀರು ಬಂದು ಟಾಂಕಿಗೆ ಬೀಳುವುದನ್ನು ನೋಡಿರುತ್ತೀ. ಟಾಂಕಿ ಖಾಲಿ ಇರಲಿ, ಮುಕ್ಕಾಲು ತುಂಬಿರಲಿ, ದಂಬೆಯ ಧಾರೆ ಅಷ್ಟೇ. ಹಾಗಾಗಿ ಗಂಟೆಗೆ ಇಷ್ಟು ಅಂಗುಲ ಎಂದು ಮಟ್ಟ ಏರುತ್ತದೆ. ನಿನ್ನ ಟ್ರಾನ್ಸಿಸ್ಟರ್ ಆ ದಂಬೆ. ಅದರ ಬದಲು ಬರೀ ರೆಸಿಸ್ಟರ್ ಹಾಕಿದರೆ ಎರಡು ಟಾಂಕಿಗಳ ಬುಡಕ್ಕೆ ಪೈಪು ಜೋಡಿಸಿದ ಹಾಗೆ: ಮಟ್ಟ ಸಮ ಆಗುತ್ತಾ ಬಂದಂತೆ ಹರಿವು ಸಣ್ಣದಾಗುತ್ತದೆ. 12 ವೋಲ್ಟಿನ 555ರಲ್ಲಿ ಕೆಪಾಸಿಟರ್ ಓಡಾಡುವುದು 4ರಿಂದ 8 ವೋಲ್ಟಿನವರೆಗೆ. ರೆಸಿಸ್ಟರಿನಿಂದ ತುಂಬಿಸಿದರೆ 4ರಲ್ಲಿ ಇರುವ ಏರಿನ ಅರ್ಧ ಮಾತ್ರ 8ರಲ್ಲಿ ಉಳಿಯುತ್ತದೆ. ನೀನು ಅದನ್ನು ತಪ್ಪಿಸಿದ್ದೀ, ಸಂತೋಷ.

ನಿನ್ನ ಲೆಕ್ಕವೂ ಸರಿ. 2.2 ಕೆ ಮೇಲೆ 2.5 ವೋಲ್ಟ್ ಬೀಳುತ್ತದೆ, ಟ್ರಾನ್ಸಿಸ್ಟರಿನ 0.6 ಕಳೆದರೆ ಎಮಿಟರ್ ರೆಸಿಸ್ಟರಿಗೆ 1.9 ವೋಲ್ಟ್. 10 ಕೆ ಮಾತ್ರ ಇದ್ದಾಗ 0.19 ಮಿಲಿ ಆಂಪ್. 0.1 ಮೈಕ್ರೋಫ್ಯಾರಡ್ ಆದರೆ ಮಿಲಿಸೆಕೆಂಡಿಗೆ 1.9 ವೋಲ್ಟ್ ಏರು. ಎಮಿಟರ್ 10 ವೋಲ್ಟಿನ ಮೇಲಿದೆ, ಕೆಪಾಸಿಟರ್ 8ಕ್ಕೇ ನಿಲ್ಲುತ್ತದೆ, ಟ್ರಾನ್ಸಿಸ್ಟರಿಗೆ ಉಸಿರಾಡಲು ಜಾಗ ಇದೆ.

ಹಾಗಾದರೆ ಮೇಲೆ ಕಡಿದಾಗುವುದೇಕೆ? ನಿನ್ನ 0.1 ಕಡಲೆಬೀಜದಷ್ಟೂ ಇಲ್ಲದ ಸೆರಾಮಿಕ್ ಇರಬೇಕು. ಆ ಜಾತಿಯ ಅಗ್ಗದ ಸೆರಾಮಿಕ್‌ಗಳಲ್ಲಿ ವೋಲ್ಟೇಜ್ ಹೆಚ್ಚಿದಂತೆ ಕೆಪಾಸಿಟಿಯೇ ಇಳಿಯುತ್ತದೆ. ಕೊಡದ ಹೊಟ್ಟೆ ತುಂಬಲು ಹೊತ್ತು ಹಿಡಿಯುತ್ತದೆ, ಕಂಠಕ್ಕೆ ಬಂದಾಗ ಅದೇ ಧಾರೆಗೆ ನೀರು ಸರ್ರನೆ ಏರುತ್ತದಲ್ಲ, ಹಾಗೆ. ಪಾಲಿಯೆಸ್ಟರ್ ಕೆಪಾಸಿಟರ್ ಹಾಕು. ಗೋಡೆ ನೆಟ್ಟಗಿರುವ ಟಾಂಕಿ ಅದು.

ಕೆಳಕ್ಕೆ ಬಾಗಿದರೆ ಎಲ್ಲೋ ಸೋರಿಕೆ. ಪಾಟ್ ಪೂರ್ತಿ ತಿರುಗಿಸಿದಾಗ ನಿನ್ನ ಧಾರೆ ಬರೀ 4 ಮೈಕ್ರೋ ಆಂಪ್. ಸ್ಕೋಪಿನ ನೇರ ಪ್ರೋಬ್ 1 ಮೆಗಾ ಓಮ್. 4 ವೋಲ್ಟ್ ಆಯಿತೆಂದರೆ ಬಂದ 4 ಮೈಕ್ರೋ ಆಂಪನ್ನೂ ಅದೊಂದೇ ಕುಡಿಯುತ್ತದೆ. ಮತ್ತೆ ಏರುವುದು ಎಲ್ಲಿಂದ? ಉಳಿದ ಕೊರತೆ ನಿನ್ನ 10 ಮೈಕ್ರೋದ ಎಲೆಕ್ಟ್ರೋಲಿಟಿಕ್‌ನದು. 10 ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರಿಗೇ 3 ಮೈಕ್ರೋ ಆಂಪ್‌ವರೆಗೆ ಸೋರಿಕೆಯನ್ನು ತಯಾರಕರು ಒಪ್ಪುತ್ತಾರೆ. ಪ್ರೋಬ್ ತೆಗೆದ ಮೇಲೂ 10ರ ಬದಲು 14 ಸೆಕೆಂಡು ಬಂತಲ್ಲ, ಆ 4 ಸೆಕೆಂಡು ಹೋದದ್ದು ಅಲ್ಲಿಗೇ. ಕೆಪಾಸಿಟರಿಗೂ ಪ್ರೋಬಿಗೂ ನಡುವೆ ಟಿಎಲ್ 072 ಆಪ್‌ಆಂಪ್ ಐಸಿ ಒಂದನ್ನು ಬಫರ್ ಆಗಿ ಇಡು, ಅದು ಧಾರೆ ಕುಡಿಯದೆ ವೋಲ್ಟೇಜನ್ನಷ್ಟೇ ದಾಟಿಸುತ್ತದೆ. 10 ಮೈಕ್ರೋ ಬಿಟ್ಟು 1 ಅಥವಾ 2.2 ಮೈಕ್ರೋದ ಪಾಲಿಯೆಸ್ಟರಿಗೆ ಬಾ. 1 ಮೈಕ್ರೋದಲ್ಲಿ 1 ಸೆಕೆಂಡಿನ ರ‍್ಯಾಂಪ್ ಸುಲಭವಾಗಿ ಸಿಗುತ್ತದೆ. ಅದರಿಂದಾಚೆ ಹೋಗಬೇಕಾದರೆ ಸಾದಾ 555ರ ಪಿನ್‌ಗಳ ಕರೆಂಟೂ ಲೆಕ್ಕಕ್ಕೆ ಬರುತ್ತದೆ, ಪಿನ್ ಕರೆಂಟ್ ತೀರಾ ಕಡಿಮೆ ಇರುವ ಸೀಮಾಸ್ ಜಾತಿಯ 7555 ಬೇಕು.

ಇನ್ನೊಂದು, ಮಳೆಗಾಲದ ಮಾತು. ಒಂದು ಆಟಿ ತಿಂಗಳಲ್ಲಿ ಹಳೆಯ ಸ್ಕೋಪೊಂದರ ಟೈಮ್‌ಬೇಸ್ ರಿಪೇರಿಗೆ ಕೂತಿದ್ದೆ. ಬೆಳಗ್ಗೆ ಗೆರೆ ಸೊಟ್ಟ, ರಾತ್ರಿ ಟೇಬಲ್ ಲ್ಯಾಂಪಿನ ಬಲ್ಬು ಹತ್ತಿರ ಇದ್ದಷ್ಟು ಹೊತ್ತು ನೆಟ್ಟಗೆ. ಎರಡು ದಿನ ಐಸಿಗಳಿಗೆ ಬೈದೆ. ಕೊನೆಗೆ ನೋಡಿದರೆ ನಾನೇ ಬೆಸುಗೆ ಹಾಕುವಾಗ ಬಿಟ್ಟ ಫ್ಲಕ್ಸ್ ಥಂಡಿ ಹಿಡಿದು ಸೋರುತ್ತಿತ್ತು. ಸ್ಪಿರಿಟ್ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ, ಮುಗಿಯಿತು. ಬ್ರೆಡ್‌ಬೋರ್ಡಂತೂ ನಮ್ಮ ಹವೆಯಲ್ಲಿ ಮೈಕ್ರೋ ಆಂಪ್ ಕೆಲಸಕ್ಕೆ ನಂಬಿಗಸ್ತನಲ್ಲ.

ಸಿಮ್ಯುಲೇಷನ್ನಿಗೆ ಬರೋಣ. ನೀನು ಅದರಲ್ಲಿ ಸೋರದ ಕೆಪಾಸಿಟರ್ ಇಟ್ಟೆ, ಪ್ರೋಬ್ ಇಡಲೇ ಇಲ್ಲ. ಅದು ನೆಟ್ಟಗೆ ಎಳೆಯದೆ ಇನ್ನೇನು ಮಾಡೀತು? ಕೆಪಾಸಿಟರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ಯಾರಲಲ್ ರೆಸಿಸ್ಟೆನ್ಸ್ ಜಾಗದಲ್ಲಿ 5 ಮೆಗಾ ಓಮ್ ಬರೆ. ಅಲ್ಲಿಂದ ಗ್ರೌಂಡಿಗೆ 1 ಮೆಗಾ ಓಮ್ ರೆಸಿಸ್ಟರ್ ಹಾಕು, ಅದು ಪ್ರೋಬ್. ಶುರುವಿಗೆ ಕೆಪಾಸಿಟರ್ 0 ವೋಲ್ಟ್ ಎಂದು ಹೇಳುವುದನ್ನು ಮರೆಯಬೇಡ. ಬೋರ್ಡಿನಲ್ಲಿ ಕಂಡ ಅದೇ ಸೊಟ್ಟ ಗೆರೆ ತೆರೆಯ ಮೇಲೆ ಬರುತ್ತದೆ. ಪ್ರೋಬ್ ತೆಗೆದು ನೋಡು, 14 ಸೆಕೆಂಡಿನ ಹತ್ತಿರವೇ ಬರಬೇಕು.

ಗೆರೆ ನೆಟ್ಟಗಿದೆಯೇ ಎಂದು ಕಣ್ಣನ್ನು ಕೇಳಬೇಡ. ನೂರಕ್ಕೆ ಐದರಷ್ಟು ಬಾಗು ಕಣ್ಣಿಗೆ ಕಾಣುವುದೇ ಇಲ್ಲ. ಎಲ್‌ಟಿಸ್ಪೈಸ್‌ನಲ್ಲಿ ವೋಲ್ಟೇಜಿನ ಬದಲು ಅದರ ಡಿರೈವೇಟಿವ್, ಅಂದರೆ ಏರಿನ ವೇಗ, ಎಳೆಸಬಹುದು. ಏರು ಒಂದೇ ಇದ್ದರೆ ಅದು ಮಲಗಿದ ಗೆರೆ, ಇಲ್ಲವಾದರೆ ಓರೆ. ಬೋರ್ಡಿನಲ್ಲಿಯಾದರೆ 4ರಿಂದ 6ಕ್ಕೆ ಹಿಡಿದ ಹೊತ್ತು, 6ರಿಂದ 8ಕ್ಕೆ ಹಿಡಿದ ಹೊತ್ತು, ಎರಡನ್ನೂ ಅಳೆದು ಹೋಲಿಸು. ವೈವಾದಲ್ಲಿ ಈ ಎರಡು ಅಂಕಿ ತೋರಿಸಿದರೆ ಬೇರೆ ಪ್ರಶ್ನೆ ಕಡಿಮೆ.

ಪ್ರಶ್ನೆ: ಇಂಥದ್ದೇ ಸರ್ಕ್ಯೂಟ್ ಮಾಡಿದ್ದೇನೆ. ಪಾಟ್ ಮುಕ್ಕಾಲು ಸುತ್ತು ತಿರುಗಿಸಿದರೂ ವೇಗ ಹೆಚ್ಚೇನೂ ಬದಲಾಗುವುದಿಲ್ಲ, ಕೊನೆಯ ಚೂರಿನಲ್ಲಿ ಒಮ್ಮೆಲೇ ಹಾರುತ್ತದೆ. ಡಯಲಿಗೆ ಅಂಕಿ ಬರೆಯುವುದು ಹೇಗೆ?
— ರಿಪೇರಿ ಅಂಗಡಿಯವರು, ಬದಿಯಡ್ಕ

ಉತ್ತರ: ಏರು ರೆಸಿಸ್ಟೆನ್ಸಿಗೆ ವಿಲೋಮ. 470ರಿಂದ 235ಕ್ಕೆ ಇಳಿಸಿದರೆ ವೇಗ ಎರಡು ಪಟ್ಟು ಅಷ್ಟೇ, 20ರಿಂದ 10ಕ್ಕೆ ಇಳಿಸಿದರೂ ಎರಡು ಪಟ್ಟೇ. ಹಾಗಾಗಿ ಎಮಿಟರಿಗೆ ಸ್ಥಿರ ರೆಸಿಸ್ಟರ್ ಹಾಕಿ, ಪಾಟ್‌ನಿಂದ ಬೇಸಿನ ವೋಲ್ಟೇಜ್ ಬದಲಿಸಿ. ಮೊದಲ 0.6 ವೋಲ್ಟ್ ಕಳೆದ ಮೇಲೆ ಡಯಲ್ ಸಮ ಸಮವಾಗಿ ಬರುತ್ತದೆ. ಎಮಿಟರ್ ರೆಸಿಸ್ಟರಿನ ಮೇಲೆ 3 ವೋಲ್ಟ್ ಮೀರಿಸಬೇಡಿ, 8 ವೋಲ್ಟಿನ ಹತ್ತಿರ ಟ್ರಾನ್ಸಿಸ್ಟರಿಗೆ ಜಾಗ ಸಾಲದು. ತೀರಾ ಕೆಳಗೂ ಇಳಿಸಬೇಡಿ: ಆ 0.6 ಡಿಗ್ರಿಗೆ 2 ಮಿಲಿವೋಲ್ಟ್ ಸರಿಯುತ್ತದೆ. 1.9 ವೋಲ್ಟ್ ಇದ್ದರೆ 10 ಡಿಗ್ರಿ ಸೆಕೆಗೆ ನೂರಕ್ಕೆ ಒಂದು ತಪ್ಪು, 0.2 ವೋಲ್ಟ್ ಇದ್ದರೆ ನೂರಕ್ಕೆ ಹತ್ತು. ಹೆಚ್ಚಿನ ವ್ಯಾಪ್ತಿಗೆ ರೋಟರಿ ಸ್ವಿಚ್ಚಿನಿಂದ ಕೆಪಾಸಿಟರನ್ನೇ ಹತ್ತು ಹತ್ತು ಪಟ್ಟು ಬದಲಿಸಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಆರ್ಡುಯಿನೊ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲೇ ಮಾಡಬಾರದೇ?
— ಶಿಕ್ಷಕಿ, ಕುಂಬಳೆ

ಉತ್ತರ: ಖಂಡಿತ ಮಾಡಬಹುದು ಟೀಚರೇ. ಊನೊ ಬೋರ್ಡಿನ ಅನಲಾಗ್ ರೈಟ್‌ನಲ್ಲಿ 256 ಮೆಟ್ಟಿಲು, ಅದೂ ಪಲ್ಸುಗಳ ರೂಪದಲ್ಲಿ. ಫಿಲ್ಟರ್ ಹಾಕಿದ ಮೇಲೆಯೇ ವೋಲ್ಟೇಜ್ ಆಗುವುದು. ದೀಪ ಮೆಲ್ಲಗೆ ಬೆಳಗಿಸಲು ಧಾರಾಳ ಸಾಕು. ಮಿಲಿಸೆಕೆಂಡಿನೊಳಗೆ ಮುಗಿಯುವ ನುಣ್ಣನೆಯ ಏರು ಬೇಕಿದ್ದರೆ ಮಕ್ಕಳಿಗೆ ಪಾಲಿಯೆಸ್ಟರ್ ಕೆಪಾಸಿಟರೇ ಕೊಡಿಸಿ.