ಪ್ರತಿಕ್ರಿಯೆ: ತುರ್ತು ಕರೆಯಲ್ಲಿ ಆಸ್ಪತ್ರೆಯ ಮುಖ್ಯ ನಂಬರೇ ಕಾಣುವುದೇಕೆ?

ಯಾವ ವಾರ್ಡಿನಿಂದ ತುರ್ತು ಸೇವೆಗೆ ಕರೆ ಮಾಡಿದರೂ ಮುಖ್ಯ ನಂಬರೇ ಕಾಣುತ್ತದೆ, ತುರ್ತು ಸೇವೆಯವರು ವಾಪಸ್ ಕರೆದರೆ ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವ ಸ್ವಯಂಚಾಲಿತ ಧ್ವನಿ ಮೆನುವಾದ ಐವಿಆರ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದಿದ್ದೀರಿ. ಮೊದಲು ಪಿಬಿಎಕ್ಸ್ (ಆಸ್ಪತ್ರೆಯೊಳಗಿನ ಫೋನ್‌ಗಳನ್ನು ಜೋಡಿಸುವ ವ್ಯವಸ್ಥೆ) ನೋಡಿ. ಸಾಮಾನ್ಯವಾಗಿ ಅದನ್ನು ಹೊರಗಿನ ಫೋನ್ ಜಾಲಕ್ಕೆ ಜೋಡಿಸುವ ಸಂಪರ್ಕವಾದ ಟ್ರಂಕ್‌ಗೆ ಹಾಕಿದ ಕಾಲರ್ ಐಡಿ (ಕರೆ ಸ್ವೀಕರಿಸುವವರಿಗೆ ಕಾಣುವ ನಂಬರ್), ಒಳಗಿನ ಫೋನ್ ಅಂದರೆ ಎಕ್ಸ್‌ಟೆನ್ಷನ್‌ನ ನಂಬರನ್ನು ಮುಚ್ಚಿಹಾಕಿರುತ್ತದೆ. ತುರ್ತು ಕರೆಗೆ ಪ್ರತ್ಯೇಕ ಔಟ್‌ಬೌಂಡ್ ರೂಟ್ (ಹೊರಹೋಗುವ ಕರೆಯ ದಾರಿ) ಮಾಡಿ, ಪ್ರತಿ ಮಹಡಿಗೂ ಒಂದು ಡಿಐಡಿ ನಂಬರ್ (ಹೊರಗಿನಿಂದ ನೇರವಾಗಿ ಕರೆಯಬಹುದಾದ ನಂಬರ್) ಕೊಡಿ; ತುರ್ತು ಕರೆಯಲ್ಲಿ ಅದೇ ಕಾಣಲಿ. ಆ ನಂಬರಿಗೆ ಬಂದ ಕರೆ ಐವಿಆರ್‌ಗೆ ಹೋಗದೆ ನೇರವಾಗಿ ಅದೇ ಮಹಡಿಯ ನರ್ಸ್ ಸ್ಟೇಷನ್‌ನಲ್ಲಿ ರಿಂಗ್ ಆಗಬೇಕು. ಹೆಚ್ಚಿನವರು ಮರೆಯುವುದು ಇದನ್ನೇ, ಜೀವ ಉಳಿಸುವುದೂ ಇದೇ.

ನಿಮ್ಮ ಖಾತೆಯಲ್ಲಿಲ್ಲದ ನಂಬರ್ ಕಳಿಸಿದರೆ ಟ್ರಂಕ್ ಕೊಟ್ಟ ಕಂಪನಿ ಅದನ್ನು ಮುಖ್ಯ ನಂಬರಿಗೆ ಬದಲಿಸಬಹುದು. ಕರೆಯ ಜೊತೆ ಹೋಗುವ ಮಾಹಿತಿಯಲ್ಲಿ ಕರೆ ಮಾಡಿದವರ ನಂಬರ್ ಎರಡು ಕಡೆ ಇರಬಹುದು: ಫ್ರಮ್ ಹೆಡರ್ ಸರಿಯಿದ್ದರೂ ಪಿ-ಅಸರ್ಟೆಡ್-ಐಡೆಂಟಿಟಿಯಲ್ಲಿ ಹಳೆಯ ನಂಬರೇ ಉಳಿದಿದ್ದರೆ ಕೆಲವು ಜಾಲಗಳು ಅದನ್ನೇ ತೋರಿಸುತ್ತವೆ. ಸಿಪ್ ಟ್ರೇಸ್‌ನಲ್ಲಿ (ಇಂಟರ್ನೆಟ್ ಫೋನ್ ಕರೆಯ ಸಂದೇಶಗಳ ದಾಖಲೆ) ಎರಡನ್ನೂ ನೋಡಿ. ಪರೀಕ್ಷಾ ಕರೆಗೆ ಮುಂಚೆ ತುರ್ತು ಕೇಂದ್ರದ ಒಪ್ಪಿಗೆ ಪಡೆಯಿರಿ.