ಬೆನ್ನ ಹಿಂದಿನದೂ ಬರಲಿ: ಸುತ್ತುನೋಟದ ಫೋಟೋ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಇಲ್ಲಿ 360 ಡಿಗ್ರಿ ಫೋಟೋ, ಅಂದರೆ ನಿಂತ ಜಾಗದ ಸುತ್ತಲಿನದೆಲ್ಲ ಒಂದರಲ್ಲೇ ಬಂದು ತಿರುಗಿಸಿ ತಿರುಗಿಸಿ ನೋಡುವ ಫೋಟೋ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ರಾಶಿ ಪ್ರಶ್ನೆ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅದೇ. ಬೇರೆ ವಿಷಯ ಕೇಳಿದವರು ಒಂದು ತಿಂಗಳು ಕಾಯಿರಿ, ಬೈಯಬೇಡಿ.

ಪ್ರಶ್ನೆ: ಎಂಟು ಜನ ಗೆಳೆಯರು ಮುಳ್ಳಯ್ಯನಗಿರಿಗೆ ಹೋಗಿದ್ದೆವು. ತುದಿಯಲ್ಲಿ ಮೊಬೈಲ್ ಪನೋರಮಾದಲ್ಲಿ ಎಲ್ಲರ ಫೋಟೋ ತೆಗೆದೆ. ಒಬ್ಬನಿಗೆ ಮೂರು ಕೈ, ಇನ್ನೊಬ್ಬನಿಗೆ ಅರ್ಧ ತಲೆ. ಬೆಟ್ಟದ ಸಾಲು ಹಾವಿನ ಥರ ಡೊಂಕು. ನನ್ನ ಮೊಬೈಲೇ ಸರಿ ಇಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಮೊಬೈಲ್ ಸರಿ ಇದೆ. ಪನೋರಮಾ ಅಂದರೆ ಒಂದು ಫೋಟೋ ಅಲ್ಲ. ನೀವು ತಿರುಗಿಸುತ್ತಾ ಹೋದ ಹಾಗೆ ಅದು ಸಣ್ಣ ಸಣ್ಣ ಪಟ್ಟಿಗಳನ್ನು ತೆಗೆದು ಪಕ್ಕಪಕ್ಕ ಸೇರಿಸುತ್ತಾ ಹೋಗುತ್ತದೆ, ಅಜ್ಜಿ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲಿದ ಹಾಗೆ. ಎಡತುದಿಯ ಪಟ್ಟಿಯಿಂದ ಬಲತುದಿಯ ಪಟ್ಟಿಗೆ ಬರುವಷ್ಟರಲ್ಲಿ ಹತ್ತು ಸೆಕೆಂಡ್ ಆದರೂ ಆಗಿರುತ್ತದೆ. ನಡುವೆ ಯಾರೋ ಕೈ ಎತ್ತಿದರು, ಯಾರೋ ನಕ್ಕು ಆ ಕಡೆ ತಿರುಗಿದರು. ಮೂರನೇ ಕೈ ಬಂದಿದ್ದು ಹಾಗೆ.

ಇನ್ನೊಂದು ಕಾರಣ ನೀವು ಸುತ್ತಿದ ರೀತಿ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಗೋಡೆಯ ಮೇಲೆ ಆ ಕಡೆ ಈ ಕಡೆ ಹಾರುತ್ತದೆ ಅಲ್ವಾ? ನೋಡುವ ಜಾಗ ಎರಡೂವರೆ ಇಂಚು ಸರಿದಿದ್ದಕ್ಕೇ ಅಷ್ಟು. ಕೈ ಚಾಚಿ ಮೊಬೈಲ್ ಹಿಡಿದು ನಿಂತಲ್ಲೇ ಸುತ್ತಿದರೆ ಲೆನ್ಸ್ ಅಡಿಗಟ್ಟಲೆ ಸರಿಯುತ್ತದೆ. ದೂರದ ಬೆಟ್ಟಕ್ಕೆ ಅದು ಗೊತ್ತೇ ಆಗುವುದಿಲ್ಲ, ಎರಡು ಮಾರು ದೂರದಲ್ಲಿರುವ ಗೆಳೆಯನ ತಲೆ ಅರ್ಧ ಹೋಗುತ್ತದೆ. ಆದ್ದರಿಂದ ಮೊಬೈಲ್ ಕಂಬದ ಹಾಗೆ ಇದ್ದಲ್ಲೇ ಇರಲಿ, ನೀವು ಅದರ ಸುತ್ತ ಸಣ್ಣ ಹೆಜ್ಜೆ ಹಾಕಿ. ಮೊಬೈಲ್ ನೆಟ್ಟಗೆ ಹಿಡಿಯಿರಿ, ಮೊಣಕೈ ಪಕ್ಕೆಗೆ ಅಂಟಿರಲಿ, ತೆರೆಯ ಮೇಲಿನ ಬಾಣ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗದಿರಲಿ. ನಿಮ್ಮ ಹಾವು ಹುಟ್ಟಿದ್ದು ಆ ಬಾಣದಿಂದಲೇ. ಸೂರ್ಯನ ಕಡೆಯಿಂದ ಮಾತ್ರ ಶುರು ಮಾಡಬೇಡಿ.

ಗೆಳೆಯರನ್ನು ನೇರ ಸಾಲಿನಲ್ಲಿ ನಿಲ್ಲಿಸಿದ್ದಿರಿ ಅನ್ಸುತ್ತೆ. ನಿಮ್ಮ ಸುತ್ತ ಬಿಲ್ಲಿನ ಆಕಾರದಲ್ಲಿ ನಿಲ್ಲಿಸಿ, ಎಲ್ಲರೂ ಒಂದೇ ದೂರದಲ್ಲಿರಲಿ, ಫೋಟೋದಲ್ಲಿ ಸಾಲು ನೇರವಾಗಿ ಕಾಣುತ್ತದೆ. ಇದು ಹಳೇ ವಿದ್ಯೆ. 1904ರಲ್ಲಿ ಪೇಟೆಂಟ್ ಆದ ಸರ್ಕಟ್ ಅನ್ನೋ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ತಾನೇ ನಿಧಾನಕ್ಕೆ ತಿರುಗುತ್ತಿತ್ತು. ಅಮೆರಿಕದಲ್ಲಿ ಶಾಲೆ, ಪಟಾಲಮ್ಮುಗಳ ಉದ್ದುದ್ದ ಗ್ರೂಪ್ ಫೋಟೋ ಅದರಲ್ಲೇ ತೆಗೆಯುತ್ತಿದ್ದರು, ಜನರನ್ನು ಬಿಲ್ಲಿನಂತೆ ನಿಲ್ಲಿಸಿ. ಎಡತುದಿಯಲ್ಲಿ ನಿಂತ ತುಂಟ ಹುಡುಗ ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಅದರ ಹಿಂದಿನಿಂದ ಓಡಿ ಬಲತುದಿಯಲ್ಲೂ ನಿಲ್ಲುತ್ತಿದ್ದ. ನಿಮ್ಮ ಗುಂಪಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಓಡಲಿ ಬಿಡಿ, ಮೊಬೈಲಲ್ಲೂ ಬರುತ್ತೆ.

ಪ್ರಶ್ನೆ: ಕಾಲೇಜು ಬಿಟ್ಟು 25 ವರ್ಷದ ಮೇಲೆ ಇಪ್ಪತ್ತು ಜನ ಗೆಳತಿಯರು ದಾಂಡೇಲಿಯಲ್ಲಿ ಸೇರುತ್ತಿದ್ದೇವೆ. 360 ಕ್ಯಾಮೆರಾ ತಗೋ ಅಂತ ಮಗ ಗಂಟು ಬಿದ್ದಿದ್ದಾನೆ. ತಗೊಳ್ಳಲಾ? ತಗೊಂಡರೆ ಎಲ್ಲಿ ಇಡಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಬಾಡಿಗೆಗೆ ತನ್ನಿ. ವರ್ಷಕ್ಕೊಂದು ಸಲ ಸೇರುವವರಿಗೆ ಖರೀದಿ ದಂಡ. ಒಂದು ಸೆಲ್ಫಿ ಸ್ಟಿಕ್, ಒಂದು ಪುಟ್ಟ ಟ್ರೈಪಾಡ್ ಜೊತೆಗೇ ಕೇಳಿ ಇಸಿದುಕೊಳ್ಳಿ.

ಈ ಕ್ಯಾಮೆರಾದಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಉಬ್ಬುಗಣ್ಣಿನ ಲೆನ್ಸ್ ಇರುತ್ತವೆ. ಒಂದೊಂದೂ ಅರ್ಧ ಲೋಕಕ್ಕಿಂತ ಚೂರು ಜಾಸ್ತಿ ನೋಡುತ್ತದೆ. ಆ ಜಾಸ್ತಿ ಇರೋದರಲ್ಲೇ ಎರಡನ್ನೂ ಹೊಲಿಯುವುದು. ಕೆಳಗೆ ನೇರ ನಿಂತ ಸ್ಟಿಕ್ ಎರಡೂ ಕಣ್ಣಿಗೆ ಬೀಳದ ಸಂದಿಯಲ್ಲಿರುವುದರಿಂದ ಮಾಯವಾಗುತ್ತದೆ. ಮಂತ್ರವೇನೂ ಇಲ್ಲ.

ಎಲ್ಲಿ ಇಡಬೇಕು ಅನ್ನೋದೇ ಮುಖ್ಯ. ನೂರಕ್ಕೆ ತೊಂಬತ್ತು ಜನ ಕ್ಯಾಮೆರಾವನ್ನು ನದಿ ದಂಡೆಯಲ್ಲೋ ಬೆಟ್ಟದ ತುದಿಯಲ್ಲೋ ಎತ್ತಿ ಹಿಡಿದು, ಗುಂಪಿನವರೆಲ್ಲ ಒಂದೇ ಕಡೆ ಒತ್ತೊತ್ತಾಗಿ ನಿಂತು ತೆಗೆಯುತ್ತಾರೆ. ಆಮೇಲೆ ತಿರುಗಿಸಿ ನೋಡಿದರೆ ಒಂದು ಕಡೆ ಜನ, ಇನ್ನು ಮೂರು ಕಡೆ ಖಾಲಿ ಹುಲ್ಲು, ನಿಂತ ಟೆಂಪೋ ಟ್ರಾವೆಲರ್, ಯಾರದೋ ಚಪ್ಪಲಿ. ಅಷ್ಟಕ್ಕೆ ಮೊಬೈಲೇ ಸಾಕಿತ್ತು. ಈ ಕ್ಯಾಮೆರಾ ನೋಟ ತೋರಿಸುವುದಕ್ಕಲ್ಲ, ನಡುವೆ ಕೂರಿಸುವುದಕ್ಕೆ. ಪನೋರಮಾ ಅನ್ನೋದು ಶುರುವಾಗಿದ್ದೂ ಹಾಗೇ. ರಾಬರ್ಟ್ ಬಾರ್ಕರ್ ಅನ್ನೋ ಚಿತ್ರಕಾರ 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ದುಂಡನೆಯ ಕಟ್ಟಡ ತೆರೆದು, ಒಳಗಡೆ ಸುತ್ತಲೂ ಚಿತ್ರ ಹಾಕಿ, ಜನರನ್ನು ನಟ್ಟನಡುವೆ ನಿಲ್ಲಿಸಿ ದುಡ್ಡು ತಗೊಳ್ತಿದ್ದ.

ನೀವು ಇಪ್ಪತ್ತು ಜನ. ದುಂಡಗೆ ಕೂತರೆ ಒಬ್ಬರಿಗೆ ಎರಡಡಿ ಅಂದರೂ ಸುತ್ತಳತೆ 40 ಅಡಿ. ನಡುವಿನ ಕ್ಯಾಮೆರಾದಿಂದ ಪ್ರತಿಯೊಬ್ಬರೂ ಆರೂವರೆ ಅಡಿ, ಅಂದರೆ ಎರಡು ಮೀಟರ್ ದೂರ. ಇದು ಚೆನ್ನಾದ ದೂರ. ಯಾಕೆ ಅಂದರೆ, ಈಗಿನ 72 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೂ ಫೋಟೋದ ಅಗಲ ಸುಮಾರು 12,000 ಪಿಕ್ಸೆಲ್. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಬರೀ 33. ಎರಡು ಮೀಟರ್ ದೂರದ ಮುಖಕ್ಕೆ ಸುಮಾರು 140 ಪಿಕ್ಸೆಲ್ ಸಿಗುತ್ತದೆ, ಐದು ಮೀಟರ್ ದೂರ ಹೋದರೆ 60 ಕೂಡ ಸಿಗಲ್ಲ. ಯಾರು ಅಂತ ಊಹಿಸಬೇಕಾಗುತ್ತದೆ. ದೂರ ಕೂತು ಎತ್ತರದಿಂದ ತೆಗೆದ ಗ್ರೂಪ್ ಫೋಟೋ ಮಸುಕಾಗಿ ಕಾಣೋದು ಇದಕ್ಕೇ.

ಕ್ಯಾಮೆರಾ ಕೂತವರ ಕಣ್ಣಿನ ಎತ್ತರಕ್ಕೆ ಇರಲಿ. ಎರಡು ಲೆನ್ಸ್ ಸೇರುವ ಪಕ್ಕದ ಹೊಲಿಗೆ ಯಾರ ಮುಖದ ಮೇಲೂ ಬರಬಾರದು. ಇಬ್ಬರ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿಡಿ. ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಬಿಡುವ ಒಂದು ಫೋಟೋ ಸಾಕು. ಆಮೇಲೆ ಅದನ್ನು ಮರೆತು ಹರಟೆ ಹೊಡೆಯಿರಿ, ನಡುನಡುವೆ ಯಾರಾದರೂ ಮೊಬೈಲಿನಿಂದಲೇ ಒತ್ತುತ್ತಿರಲಿ. ಫೋಟೋ ತೆಗೆಯುವವಳು ಯಾವ ಫೋಟೋದಲ್ಲೂ ಇರಲ್ಲ ಅನ್ನೋ ಹಳೇ ದೂರು ಇಲ್ಲಿ ಇಲ್ಲ. ಊಟದ ಪಂಕ್ತಿಯಲ್ಲಿ ತೆಗೆಯುವುದಾದರೆ ಎಲೆಗೆ ಸಾರು ಬೀಳುವ ಮೊದಲೇ ಮುಗಿಸಿ. ಬಡಿಸುವವರ ದಾರಿಯಲ್ಲಿ ಟ್ರೈಪಾಡ್ ಇಟ್ಟು ಬೈಸಿಕೊಂಡ ಅನುಭವ ನನಗಿದೆ.

ಪ್ರಶ್ನೆ: 360 ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಗೆಳೆಯರಿಗೆ ಉದ್ದಕ್ಕೆ ಎಳೆದ ಹಪ್ಪಳದ ಹಿಟ್ಟಿನ ಥರ ಕಾಣುತ್ತದಂತೆ. ತಿರುಗುವುದೇ ಇಲ್ಲವಂತೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಉಂಡೆಯಾಗಿರುವ ಭೂಮಿಯನ್ನು ಕಾಗದದ ಮೇಲೆ ಹಾಸಿದರೆ ಭೂಪಟ. ನಿಮ್ಮ ಫೋಟೋವೂ ಹಾಗೇ ಹಾಸಿದ ಉಂಡೆ, ಅಗಲ ಎತ್ತರದ ಎರಡರಷ್ಟು. ‘ಇದನ್ನು ಮತ್ತೆ ಉಂಡೆ ಮಾಡಿ ತೋರಿಸು’ ಅನ್ನೋ ಸೂಚನೆ ಫೈಲಿನೊಳಗೇ ಇರುತ್ತದೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುವಾಗ ಆ ಸೂಚನೆಯೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಇಲ್ಲವೇ ಗೂಗಲ್ ಫೋಟೋಸ್‌ಗೆ ಹಾಕಿ ಲಿಂಕ್ ಕೊಡಿ.

ಪ್ರಶ್ನೆ: ಸರ್, ನಾನು ಡಿಗ್ರಿ ವಿದ್ಯಾರ್ಥಿ. ಹಳೇ ಫೋನಿನಲ್ಲಿ 360 ಫೋಟೋ ತೆಗೆಯೋಕೆ ಫೋಟೋ ಸ್ಫಿಯರ್ ಅಂತ ಇತ್ತು, ಹೊಸದರಲ್ಲಿ ಇಲ್ಲ. ಕ್ಯಾಮೆರಾ ಕೊಳ್ಳಲು ದುಡ್ಡಿಲ್ಲ. ದಾರಿ ಇದೆಯಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ ತಮ್ಮಾ, ತಾಳ್ಮೆ ಬೇಕು ಅಷ್ಟೇ. ಫೋಟೋ ಸ್ಫಿಯರ್ 2012ರಲ್ಲಿ ಆಂಡ್ರಾಯ್ಡ್ 4.2 ಜೊತೆ ಬಂತು. ಅದೇ ಕೆಲಸ ಮಾಡುತ್ತಿದ್ದ ಸ್ಟ್ರೀಟ್ ವ್ಯೂ ಆ್ಯಪನ್ನು ಗೂಗಲ್ 2023ರಲ್ಲಿ ಮುಚ್ಚಿತು. ಈಗ ಮಾಮೂಲಿ ಫೋಟೋಗಳನ್ನೇ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯಬೇಕು. ಹ್ಯೂಗಿನ್ ಅನ್ನೋ ತಂತ್ರಾಂಶ ಪುಕ್ಕಟೆ.

ದಾರಕ್ಕೆ ಒಂದು ಬೀಗದಕೈ ಕಟ್ಟಿ ಲೆನ್ಸಿನ ನೇರ ಕೆಳಗೆ ಇಳಿಬಿಡು. ನೆಲದ ಮೇಲೆ ಒಂದು ನಾಣ್ಯ ಇಡು. ಎಷ್ಟೇ ತಿರುಗಿದರೂ ಬೀಗದಕೈ ನಾಣ್ಯದ ಮೇಲೇ ತೂಗಬೇಕು. ಹಾಸನದವರಿಗೆ ಹೇಳಿದ ಕಂಬದ ವಿಷಯ ಇದೇ, ಸಾವಿರಾರು ರೂಪಾಯಿಯ ಸ್ಟ್ಯಾಂಡ್ ಮಾಡುವುದೂ ಇದನ್ನೇ. ಮೊಬೈಲ್ ನೆಟ್ಟಗೆ ಹಿಡಿದು ಒಂದು ಸುತ್ತಿಗೆ ಹತ್ತು ಹನ್ನೆರಡು ಫೋಟೋ, ಒಂದರ ಮೂರನೇ ಒಂದು ಭಾಗ ಇನ್ನೊಂದರಲ್ಲೂ ಬರುವ ಹಾಗೆ. ನೇರಕ್ಕೆ ಒಂದು ಸುತ್ತು, ಮೇಲಕ್ಕೊಂದು, ಕೆಳಕ್ಕೊಂದು. ಕೊನೆಗೆ ಆಕಾಶದ್ದು ಒಂದು, ನೆಲದ್ದು ಒಂದು. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಬೆಳಕು, ಫೋಕಸ್, ಬಣ್ಣ ಮೂರನ್ನೂ ಲಾಕ್ ಮಾಡು, ಇಲ್ಲದಿದ್ದರೆ ಆಕಾಶ ಪಟ್ಟೆ ಪಟ್ಟೆಯಾಗುತ್ತದೆ. ಗೆಳೆಯರು ತಲಾ ಒಂದೇ ಫೋಟೋದ ಮಧ್ಯದಲ್ಲಿ ಬರಲಿ, ಅಂಚಿಗೆ ಬೇಡ. ಒಬ್ಬನನ್ನೇ ಹತ್ತು ಕಡೆ ಕೂರಿಸಿ ಹತ್ತು ಸಲ ತೆಗೆದರೂ ನಡೆಯುತ್ತೆ. ಪರೀಕ್ಷೆ ಮುಗಿದ ಮೇಲೆ ಮಾಡು.

ಪ್ರಶ್ನೆ: ಗೋಲ ಗುಮ್ಮಟದ ಒಳಗೆ ಯಾವ ಫೋಟೋದಲ್ಲೂ ಆ ದೊಡ್ಡತನ ಬರಲ್ಲ. 360ರಲ್ಲಿ ಬರುತ್ತಾ? ಹಾಗೇ ಹಂಪಿಯಲ್ಲಿ ಡ್ರೋನಿನಿಂದ ಸುತ್ತುನೋಟ ತೆಗೆಯಬಹುದಾ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಗುಮ್ಮಟಕ್ಕೆ ಇದಕ್ಕಿಂತ ಒಳ್ಳೇ ಕ್ಯಾಮೆರಾ ಇಲ್ಲ. ಒಳಗೆ ಗುಮ್ಮಟದ ಅಗಲ ಸುಮಾರು 38 ಮೀಟರ್, ನಡುವೆ ಅದನ್ನು ಹೊತ್ತ ಕಂಬ ಒಂದೂ ಇಲ್ಲ. ಮಾಮೂಲಿ ಲೆನ್ಸಿಗೆ ನೆಲ ಸಿಕ್ಕರೆ ಸೂರು ಸಿಗಲ್ಲ. 360ರಲ್ಲಿ ಮೊಹಮ್ಮದ್ ಆದಿಲ್ ಶಾನ ಗೋರಿಯ ಪಕ್ಕದಿಂದ ಶುರುಮಾಡಿ ಕತ್ತು ಎತ್ತಿದ ಹಾಗೆ ಮೇಲೆ ಹೋಗಬಹುದು. ಗೆಳೆಯರು ಕ್ಯಾಮೆರಾದ ಹತ್ತಿರವೇ ನಿಲ್ಲಲಿ. ಮನುಷ್ಯರು ಇದ್ದರೇ ಆ ದೊಡ್ಡತನ ಗೊತ್ತಾಗೋದು. ಒಳಗೆ ಬೆಳಕು ಕಮ್ಮಿ, ಕ್ಯಾಮೆರಾ ಅಲುಗಬಾರದು. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಸ್ಟಿಕ್ಕನ್ನೇ ನೆಲಕ್ಕೆ ಊರಿ ಉಸಿರು ಹಿಡಿದು ತೆಗೆಯಿರಿ, ಅದಕ್ಕೂ ಬಾಗಿಲಲ್ಲೇ ಒಂದು ಮಾತು ಕೇಳಿಬಿಡಿ. ಪಿಸುಗುಟ್ಟುವ ಗ್ಯಾಲರಿಗೆ ಹೋದರೆ ವಿಡಿಯೋ ಮಾಡಿ. ಆ ಮರುದನಿ ಫೋಟೋಗೆ ಬರಲ್ಲವಲ್ಲ.

ಹಂಪಿಯಲ್ಲಿ ಡ್ರೋನ್ ಬೇಡ. ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತಿ. ಒಂದು ಕಡೆ ವಿರೂಪಾಕ್ಷನ ಗೋಪುರ, ಕೆಳಗೆ ಅಚ್ಯುತರಾಯ ದೇವಸ್ಥಾನ, ಆಚೆ ತುಂಗಭದ್ರೆ. ಇಳಿದ ಮೇಲೆ ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲೆ ಕೋಣೆಗೂ ಹೋಗಿ. ಸಣ್ಣ ಕಿಂಡಿಯಿಂದ ಬಂದ ಬೆಳಕಲ್ಲಿ ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಬಿದ್ದಿರುತ್ತದೆ. ಲೆನ್ಸೇ ಇಲ್ಲದ ಕ್ಯಾಮೆರಾ ಅದು.

ಪ್ರಶ್ನೆ: ಗೆಳತಿ ಪ್ರವಾಸದ 360 ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದಾಳೆ. ತಿರುಗಿಸಿ ನೋಡಿದರೆ ಹಿಂದುಗಡೆ ನಾನು ಕೂದಲು ಕೆದರಿಕೊಂಡು ಬಾಯ್ತುಂಬ ಚಿತ್ರಾನ್ನ ತಿನ್ನುತ್ತಿದ್ದೇನೆ. ತೆಗೆ ಅನ್ನಲು ಸಂಕೋಚ.
– ಓದುಗರೊಬ್ಬರು, ಮೈಸೂರು

ಉತ್ತರ: ಸಂಕೋಚ ಬೇಡ, ಇವತ್ತೇ ಹೇಳಿ. ಮಾಮೂಲಿ ಕ್ಯಾಮೆರಾ ಯಾರ ಕಡೆ ತಿರುಗಿದೆ ಅಂತ ಗೊತ್ತಾಗುತ್ತದೆ, ಜನ ಸರಿದುಕೊಳ್ಳುತ್ತಾರೆ. ಇದು ಎಲ್ಲರ ಕಡೆಗೂ ತಿರುಗಿರುತ್ತದೆ, ಯಾರಿಗೂ ಗೊತ್ತಾಗಲ್ಲ. ನಾನೂ ಒಮ್ಮೆ ನದಿ ದಂಡೆಯ ಫೋಟೋವನ್ನು ಹಿಂದೆ ಮುಂದೆ ನೋಡದೆ ಹಾಕಿ, ಸ್ನಾನ ಮಾಡುತ್ತಿದ್ದ ಅಪರಿಚಿತರು ಅದರಲ್ಲಿದ್ದುದು ಮಾರನೇ ದಿನ ಗೊತ್ತಾಗಿ, ನಾಚಿಕೆಯಿಂದ ಅಳಿಸಿದ್ದೇನೆ. ಹಾಕುವ ಮೊದಲು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಲೇಬೇಕು. ಮನೆಯಲ್ಲಿ ತೆಗೆದದ್ದಾದರೆ ಲೊಕೇಶನ್ ಆಫ್ ಮಾಡಿ, ಮನೆ ಇರುವ ಜಾಗವೂ ಫೈಲಿನಲ್ಲಿ ಕೂತಿರುತ್ತದೆ.

ಪ್ರಶ್ನೆ: ಈ ಫೋಟೋನ ಗೋಡೆಗೆ ಹಾಕೋಕಾಗಲ್ಲ, ಆಲ್ಬಮ್ಮಿಗೂ ಆಗಲ್ಲ, ಆಮೇಲೆ ಯಾರು ನೋಡ್ತಾರೆ ಅಂತಾರೆ ನಮ್ಮ ಯಜಮಾನರು. ನಿಜ ಅಲ್ವಾ?
– ಓದುಗರೊಬ್ಬರು, ದುಬೈ

ಉತ್ತರ: ಅರ್ಧ ನಿಜ. ಗೋಡೆಗೆ ಬೇಕಾದರೆ ಅದರಿಂದಲೇ ಒಂದು ಚಪ್ಪಟೆ ಚೌಕಟ್ಟು ಕತ್ತರಿಸಿ ಪ್ರಿಂಟ್ ಹಾಕಿಸಿ. ಇಡೀ ಸುತ್ತನ್ನು ಲಡ್ಡಿನ ಹಾಗೆ ಉಂಡೆ ಮಾಡಿ ತೋರಿಸುವ ಪುಟ್ಟ ಗ್ರಹದ ಆಟವೂ ಇದೆ, ನನಗೆ ಅದು ಎರಡು ಸಲಕ್ಕೇ ಬೇಜಾರಾಯಿತು. ಮುಖ್ಯವಾಗಿ, ಕ್ಯಾಮೆರಾ ಕಂಪನಿಯ ಆ್ಯಪಿನಲ್ಲಿ ಮಾತ್ರ ತೆರೆಯುವ ಫೈಲನ್ನು ಹಾಗೇ ಬಿಡಬೇಡಿ. ಇವತ್ತೇ ಹೊಲಿಸಿ, ಎಲ್ಲ ಕಡೆ ತೆರೆಯುವ ಮಾಮೂಲಿ ಜೆಪೆಗ್ ಫೋಟೋ ಮಾಡಿ ಎರಡು ಕಡೆ ಇಡಿ. ಆ್ಯಪ್ ಎಷ್ಟು ದಿನ ಇರುತ್ತದೋ ಯಾರು ಕಂಡವರು.

ಇನ್ನು ಯಾರು ನೋಡ್ತಾರೆ ಅನ್ನೋದು. ಕೆಲವು ವರ್ಷದ ಹಿಂದೆ ಕುದುರೆಮುಖದ ಕಡೆ ಒಂದು ಹೋಂಸ್ಟೇ ಜಗುಲಿಯಲ್ಲಿ, ಬೆಟ್ಟ ಬರಲಿ ಅಂತ ಮೇಜಿನ ಮೇಲೆ ಕ್ಯಾಮೆರಾ ಇಟ್ಟಿದ್ದೆ. ಮಂಜು ಮುಚ್ಚಿತು, ಬೆಟ್ಟ ಬರಲೇ ಇಲ್ಲ, ಫೋಟೋ ವ್ಯರ್ಥ ಅಂತ ಮುಚ್ಚಿಟ್ಟೆ. ಈಚೆಗೆ ತೆಗೆದು ತಿರುಗಿಸಿದರೆ ನನ್ನ ಬೆನ್ನ ಹಿಂದೆ ಒಬ್ಬ ಒಲೆಯ ಮುಂದೆ ಕಾಲುಚೀಲ ಒಣಗಿಸುತ್ತಿದ್ದಾನೆ, ಇನ್ನೊಬ್ಬ ಉಪ್ಪಿನ ಡಬ್ಬಿ ಹಿಡಿದು ಕಾಲಿನ ಉಂಬಳ ಎಣಿಸುತ್ತಿದ್ದಾನೆ, ಮೂಲೆಯಲ್ಲಿ ಆರು ಜೊತೆ ಕೆಸರು ಬೂಟು. ಗ್ರೂಪಿಗೆ ಕಳಿಸಿದೆ, ಡಾಕ್ಯುಮೆಂಟಾಗಿಯೇ. ಬೂಟಿನ ಪಕ್ಕ ಒರಗಿಸಿಟ್ಟ ಹಸಿರು ಛತ್ರಿ ಯಾರದು ಅಂತ ರಾತ್ರಿ ಹನ್ನೆರಡರವರೆಗೆ ಜಗಳ ನಡೆಯಿತು. ಇನ್ನೂ ಇತ್ಯರ್ಥ ಆಗಿಲ್ಲ.