ಮುಖಸ್ತುತಿ ಅನ್ನಿಸದ ಹಾಗೆ ಹೊಗಳುವುದು ಹೇಗೆ? ಯಾರಾದರೂ ಹೊಗಳಿದರೆ ಏನು ಹೇಳಬೇಕು?

ಯಾರಿಗೆ ಬೇಕಾದರೂ ಹೊಂದುವಂಥ ಹೊಗಳಿಕೆ ಟೊಳ್ಳೆನಿಸುತ್ತದೆ. "ಸೂಪರ್, ಚೆನ್ನಾಗಿ ಮಾಡಿದ್ರಿ" ಎಂದರೆ ಕೇಳಿದವರಿಗೆ ಏನೂ ದಕ್ಕುವುದಿಲ್ಲ. "ವರದಿಯ ಮೊದಲ ಪುಟದಲ್ಲೇ ಖರ್ಚಿನ ಲೆಕ್ಕ ಹಾಕಿದ್ರಲ್ಲ, ಅದರಿಂದ ಮೀಟಿಂಗ್ ಅರ್ಧ ಗಂಟೆಯಲ್ಲಿ ಮುಗೀತು" ಎಂದು ನೋಡಿ. ಮಾಡಿದ್ದೇನು, ಅದರಿಂದ ನಿಮಗೇನಾಯಿತು, ಎರಡೂ ಅದರಲ್ಲಿವೆ. ಮುಂದಿನ ಸಲ ಅವರು ಅದನ್ನೇ ಮತ್ತೆ ಮಾಡಬಲ್ಲರು. ಒಂದೆರಡು ವಾಕ್ಯ ಸಾಕು, ಆದಷ್ಟು ಅದೇ ದಿನ ಹೇಳಿ. ಬೆನ್ನಿಗೇ "ಆದರೆ..." ಎಂದು ತಪ್ಪು ತೆಗೆದರೆ ಕಿವಿಯಲ್ಲಿ ಉಳಿಯುವುದು ಆ ತಪ್ಪೊಂದೇ. ಹೊಗಳಿದ ಕೂಡಲೇ ಸಹಾಯ ಕೇಳಿದರಂತೂ ಬೆಣ್ಣೆ ಹಚ್ಚಿದ್ದು ಗೊತ್ತಾಗಿಬಿಡುತ್ತದೆ.

ಮಕ್ಕಳ ವಿಷಯ ಸ್ವಲ್ಪ ಬೇರೆ. ಮನೋವಿಜ್ಞಾನ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣರೆಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಸಮಸ್ಯೆಯಲ್ಲಿ ಸೋತ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಹೆಚ್ಚು ಪಟ್ಟು ಹಿಡಿದರು. ಹಾಗಾಗಿ "ಎರಡನೇ ಸಲ ಬೇರೆ ದಾರಿ ಹಿಡಿದೆಯಲ್ಲ" ಎನ್ನುವುದು ಮೇಲು. ಶ್ರಮವೇ ಪಡದ ಕೆಲಸಕ್ಕೆ ಮಾತ್ರ ಹಾಗೆನ್ನಬೇಡಿ, ಸುಳ್ಳು ಅವರಿಗೂ ತಿಳಿಯುತ್ತದೆ.

ನಿಜಕ್ಕೂ ಕಷ್ಟವೆಂದರೆ ಹೊಗಳಿಸಿಕೊಳ್ಳುವುದು. "ಅಯ್ಯೋ, ಅದೇನು ಮಹಾ" ಎನ್ನುವುದು ವಿನಯದಂತೆ ಕಂಡರೂ, ಮೆಚ್ಚಿದವರ ಮಾತನ್ನೇ ತಳ್ಳಿಹಾಕಿದಂತೆ. "ಥ್ಯಾಂಕ್ಸ್, ಖುಷಿಯಾಯ್ತು" ಎಂದು ನಿಲ್ಲಿಸಿ. ಜೊತೆಗೆ ದುಡಿದವರಿದ್ದರೆ ಅವರ ಹೆಸರನ್ನೂ ಹೇಳಿ. ತಕ್ಷಣ ತಿರುಗಿ ಹೊಗಳಲು ಹೋಗಬೇಡಿ, ಸಾಲ ತೀರಿಸಿದ ಹಾಗಿರುತ್ತದೆ.